ಹಳೆ ಫೋನ್ ಉಳಿಸಿಕೊಳ್ಳಲು ಪುಣೆಯಲ್ಲಿ ಪಟ್ಟ ಪಾಡು

ಹೊಸ ಫೋನ್ ಬೇಕೆಂದರೆ ಹತ್ತು ನಿಮಿಷ ಸಾಕು. ಬೆರಳು ಒತ್ತಿದರೆ ಮರುದಿನ ಮನೆ ಬಾಗಿಲಿಗೆ ಬರುತ್ತದೆ. ಇರುವ ಫೋನನ್ನೇ ಉಳಿಸಿಕೊಳ್ಳುತ್ತೇನೆ ಎಂದು ಹೊರಟವರಿಗೆ ಅಷ್ಟು ಸಲೀಸಿಲ್ಲ. ನನ್ನದು ದೀಪಾವಳಿಗೆ ಮುಂಚೆ ಶುರುವಾಗಿ ಸಂಕ್ರಾಂತಿ ದಾಟಿದ ಮೇಲೆ ಮುಗಿಯಿತು. ಪುಣೆಯಲ್ಲಿ ಇದೇ ಹಾದಿ ಹಿಡಿಯುವವರಿಗೆ ಎಲ್ಲಿ ಏನು ಕೇಳಬೇಕು, ಯಾವ ಕಾಗದ ಕೈಯಲ್ಲಿರಬೇಕು ಎಂದು ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಫೋನಿಗೆ ನಾಲ್ಕೂವರೆ ವರ್ಷ ಆಗಿತ್ತು. ಮೊದಲು ಚಾರ್ಜ್ ನಿಲ್ಲುವುದು ಕಡಿಮೆಯಾಯಿತು. ಆಮೇಲೆ ಚಾರ್ಜರ್ ಪಿನ್ನನ್ನು ಓರೆಯಾಗಿ ಹಿಡಿದರೆ ಮಾತ್ರ ಹತ್ತುತ್ತಿತ್ತು. ಒಂದು ದಿನ ಹಿಂದಿನ ಮುಚ್ಚಳ ಒಂದು ಬದಿಯಲ್ಲಿ ಎದ್ದು ನಿಂತಿತು. ಒಳಗೆ ಬ್ಯಾಟರಿ ಉಬ್ಬಿತ್ತು. ನಿಮಗೂ ಹೀಗಾದರೆ ಚಾರ್ಜಿಗೆ ಹಾಕುವುದನ್ನು ತಕ್ಷಣ ನಿಲ್ಲಿಸಿ. ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ. ಉಬ್ಬಿದ ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು.

ವಿಮಾನ್ ನಗರದ ಕಡೆ ಇರುವ ಕಂಪನಿಯದೇ ಸರ್ವಿಸ್ ಸೆಂಟರಿಗೆ ಹೋದೆ. ಟೋಕನ್ ತಗೊಂಡು ಕೂತರೆ ಎದುರಿನ ಗೋಡೆ ತುಂಬ ಹೊಸ ಮಾಡೆಲ್‌ಗಳ ಚಿತ್ರ. ಎರಡು ತಾಸಿನ ಮೇಲೆ ನನ್ನ ಸರದಿ ಬಂತು. ಹುಡುಗ ಫೋನನ್ನು ತಿರುಗಿಸಿ ನೋಡಿ, ಬ್ಯಾಟರಿ ತೆಗೆಯುವಾಗ ಡಿಸ್‌ಪ್ಲೇ ಒಡೆಯಬಹುದು, ಆದ್ದರಿಂದ ಅದನ್ನೂ ಸೇರಿಸಿಯೇ ಎಸ್ಟಿಮೇಟ್ ಕೊಡುತ್ತೇನೆ ಎಂದ. ಚಾರ್ಜಿಂಗ್ ಪೋರ್ಟ್ ಇರುವ ಚಿಕ್ಕ ಬೋರ್ಡೂ ಸೇರಿ ಹನ್ನೆರಡು ಸಾವಿರದ ಹತ್ತಿರ ಬಂತು. ಬೋರ್ಡು ಸ್ಟಾಕಿನಲ್ಲಿ ಇಲ್ಲ, ಯಾವಾಗ ಬರುತ್ತದೋ ಹೇಳಲಾಗದು ಅಂತಲೂ ಸೇರಿಸಿದ. ಅದರ ಬದಲು ಇದನ್ನು ಎಕ್ಸ್‌ಚೇಂಜ್‌ಗೆ ಹಾಕಿ, ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತದಲ್ಲ ಎಂದ. ಲೆಕ್ಕದ ಪ್ರಕಾರ ಅವನ ಮಾತು ಸರಿ. ಆ ಲೆಕ್ಕ ಹಾಗೆ ಬರುವಂತೆ ಮಾಡಿದವರು ಯಾರು ಅನ್ನುವುದೇ ನನ್ನ ತಕರಾರು.

ಇಲ್ಲಿ ಒಂದು ಮಾತು. ಬಿಡಿಭಾಗ ಇಲ್ಲ ಎಂದು ಅವರು ಬಾಯಲ್ಲಿ ಹೇಳಿದರೆ ಸಾಲದು. ರಿಪೇರಿಗೆ ಹೋದಾಗ ಅವರು ವಿವರ ಬರೆದುಕೊಡುವ ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ನನಗೆ ಬರೆದುಕೊಡಲು ಮೊದಲು ಒಪ್ಪಲಿಲ್ಲ. ಮ್ಯಾನೇಜರ್ ಬರುವ ತನಕ ಕೂರುತ್ತೇನೆ ಎಂದ ಮೇಲೆ ಬರೆದರು. ಮುಂದೆ ನನ್ನ ಕೆಲಸ ಸಾಗಿದ್ದೇ ಆ ಒಂದು ಸಾಲಿನಿಂದ. ತಪಾಸಣೆ ಶುಲ್ಕ ಅಂತ ಮುನ್ನೂರೈವತ್ತು ರೂಪಾಯಿ ಹೋಯಿತು.

ನಾವು ಇರುವುದು ವಾಘೋಲಿಯಲ್ಲಿ. 'ನಗರ್ ರೋಡ್' ಎಂದು ಕರೆಯುವ ಹೆದ್ದಾರಿಯ ಈ ಭಾಗದಲ್ಲಿ ನಮ್ಮ ಕಡೆಯ ಜನ ಬೇಕಾದಷ್ಟಿದ್ದಾರೆ. ನಮ್ಮ ಕೆಳಗಿನ ಮನೆಯ ರೂಮಿನಲ್ಲಿ ನಾಲ್ಕು ಹುಡುಗಿಯರು ಬಾಡಿಗೆಗೆ ಇದ್ದಾರೆ. ಅವರಲ್ಲಿ ಒಬ್ಬಳು ಇಂಡಿ ತಾಲೂಕಿನವಳು. ಐಟಿಐ ಮುಗಿಸಿ ಇಲ್ಲಿಗೆ ಬಂದವಳು. ರಾಂಜಣಗಾವ್ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಲೈನಿನಲ್ಲಿ ಕೆಲಸ. ಕಂಪನಿ ಬಸ್ಸು ಬೆಳಕು ಹರಿಯುವ ಮುಂಚೆಯೇ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತದೆ. ಊರಿನ ಮಾತು ಕಿವಿಗೆ ಬೀಳಲಿ ಅಂತಲೇ ಅವಳು ರಜೆಯ ದಿನ ನಮ್ಮ ಮನೆಗೆ ಬರುತ್ತಾಳೆ ಅನ್ನಿಸುತ್ತದೆ.

ಮೇಜಿನ ಮೇಲಿದ್ದ ಉಬ್ಬಿದ ಫೋನ್ ನೋಡಿ, "ವೈನಿ, ಇದನ್ನ ಇಲ್ಲಿ ಇಡಬ್ಯಾಡ್ರಿ, ಹೊರಗ ಇಡ್ರಿ" ಎಂದಳು.

"ಹೊಸಾದು ತಗೊಳ್ಳೋದೋ ಬ್ಯಾಡೋ ನೋಡಾಕತ್ತೀನಿ. ತಗೊಂಡ್ರ ಯಾವುದು ತಗೋಬೇಕವಾ? ಕೆಲಸದವರನ್ನ ಚೆಂದಾಗಿ ನಡಿಸಿಕೊಳ್ಳೋ ಕಂಪನಿ ಯಾವುದು?"

ಅವಳು ನಕ್ಕಳು. "ನಾ ಮಾಡೋ ಬೋರ್ಡ್ ಯಾವ ಕಂಪನಿ ಡಬ್ಬಿಗೆ ಹೋಗತೈತೋ ನನಗ ಗೊತ್ತಿಲ್ರಿ. ನಿಮಗ ಅಂಗಡ್ಯಾಗ ಯಾರ ಹೇಳಬೇಕು?"

ಆಮೇಲೆ ಲೈನಿನ ವಿಷಯ ಬಿಚ್ಚಿ ಹೇಳಿದಳು. ಮೈಯಲ್ಲಿನ ಸ್ಥಿರ ವಿದ್ಯುತ್ತಿನಿಂದ ಬೋರ್ಡು ಕೆಡದಂತೆ ಕೈಗೆ ಇಎಸ್‌ಡಿ ಪಟ್ಟಿ ಕಟ್ಟಿಕೊಂಡು ಶಿಫ್ಟ್ ಪೂರ್ತಿ ನಿಂತೇ ಇರಬೇಕು. ಬಾತ್‌ರೂಮಿಗೆ ಹೋಗಬೇಕಾದರೆ ನಿಮ್ಮ ಜಾಗದಲ್ಲಿ ನಿಲ್ಲಲು ರಿಲೀವರ್ ಬರಬೇಕು. ಟಾರ್ಗೆಟ್ ಬಾಕಿ ಇದ್ದರೆ ರಿಲೀವರ್ ಬರುವುದೇ ಇಲ್ಲ. ಆದ್ದರಿಂದ ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ದೀಪಾವಳಿ ಸೀಸನ್ನಿಗೆ ಎಂಟು ತಾಸು ಅನ್ನುವುದು ಹನ್ನೆರಡು ಆಗುತ್ತದೆ. ಸೋಲ್ಡರಿಂಗ್ ಮಾಡುವ ಕಡೆ ಹೊಗೆ ಎಳೆಯುವ ಪೈಪು ಇದೆ, ಆದರೆ ಯಾವಾಗಲೂ ಚಾಲೂ ಇರುವುದಿಲ್ಲ. ಹೊರಗಿನವರು ಕೆಲಸದ ಸ್ಥಿತಿ ನೋಡಲು ಬರುವ ಆಡಿಟ್ ದಿನ ಮಾತ್ರ ಬೇರೆ. "ಆಡಿಟ್ ಇದ್ದ ದಿನ ಎಲ್ಲಾ ಛಲೋ ಇರತೈತ್ರಿ. ಕುರ್ಚಿ ಬರತಾವ, ಮಾಸ್ಕ್ ಬರತಾವ. ಮರುದಿನ ಆ ಕುರ್ಚಿ ಎಲ್ಲಿ ಹೋಗತಾವೋ ದೇವ್ರಿಗೇ ಗೊತ್ತು."

ಅವಳ ಸಂಬಳ ಕೊಡುವುದು ಕಾರ್ಖಾನೆ ಅಲ್ಲ, ಕಾಂಟ್ರಾಕ್ಟರ್. ಲೈನಿನಲ್ಲಿ ಪರ್ಮನೆಂಟ್ ಆದವರು ಬೆರಳೆಣಿಕೆ. ವರ್ಷದೊಳಗೆ 240 ದಿನ ಕೆಲಸ ತುಂಬಿದರೆ ಕಾರ್ಮಿಕರಿಗೆ ಕೆಲವು ಹಕ್ಕುಗಳು ಬರುತ್ತವೆ. ಅದಕ್ಕೇ ಆರೇಳು ತಿಂಗಳಿಗೆ 'ಬ್ರೇಕ್' ಕೊಡುತ್ತಾರಂತೆ. ಮನೆಗೆ ಕಳಿಸಿ, ಸ್ವಲ್ಪ ದಿನ ಬಿಟ್ಟು ಬೇರೆ ಕಾಂಟ್ರಾಕ್ಟರ್ ಹೆಸರಿನಲ್ಲಿ ಮತ್ತೆ ಕರೆಯುತ್ತಾರೆ. ಲೈನೂ ಅದೇ, ಸೂಪರ್‌ವೈಸರೂ ಅವನೇ.

ಅವಳು ಹೋದ ಮೇಲೆ ನನ್ನ ಹುಡುಕಾಟ ಜೋರಾಯಿತು. ಹುಡುಕಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಇದು ಒಂದು ಕಂಪನಿಯ, ಒಂದು ದೇಶದ ಕಥೆ ಅಲ್ಲ. 2010ರಲ್ಲಿ ದೊಡ್ಡ ಕಂಪನಿಗಳಿಗೆ ಫೋನ್ ಜೋಡಿಸಿಕೊಡುವ ಫಾಕ್ಸ್‌ಕಾನ್‌ನ ಚೀನಾದ ಶೆನ್‌ಜೆನ್ ಕಾರ್ಖಾನೆಗಳಲ್ಲಿ ಸಾಲುಸಾಲಾಗಿ ಆತ್ಮಹತ್ಯೆಗಳಾದಾಗ ಹಾಸ್ಟೆಲ್ ಕಟ್ಟಡಗಳಿಗೆ ಬಲೆ ಕಟ್ಟಿದರು. 2020ರ ಡಿಸೆಂಬರಿನಲ್ಲಿ ನಮ್ಮದೇ ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಗಲಭೆಯಾಗಿ ಸಿಡಿಯಿತು. ಟಿವಿಯಲ್ಲಿ ಒಡೆದ ಗಾಜು ತೋರಿಸಿದ್ದೇ ತೋರಿಸಿದ್ದು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಾಂಟ್ರಾಕ್ಟರ್ ಕಡೆಯವರು ಅನ್ನುವುದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಆಪಲ್ ಆ ಕಂಪನಿಯನ್ನು ಪ್ರೊಬೇಷನ್‌ನಲ್ಲಿ ಇಟ್ಟಿತು. 2023ರಲ್ಲಿ ಟಾಟಾದವರು ಆ ಕಾರ್ಖಾನೆ ಕೊಂಡರು. 2021ರ ಡಿಸೆಂಬರಿನಲ್ಲಿ ತಮಿಳುನಾಡಿನ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯವರ ಹಾಸ್ಟೆಲಿನಲ್ಲಿ ಊಟ ವಿಷವಾಗಿ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಆಸ್ಪತ್ರೆ ಸೇರಿದರು. ಜೊತೆಯವರು ಹೆದ್ದಾರಿಯಲ್ಲಿ ಕೂತರು, ಕಾರ್ಖಾನೆ ಕೆಲವು ವಾರ ಮುಚ್ಚಿತು. 2024ರಲ್ಲಿ ಅದೇ ಊರಿನ ಸ್ಯಾಮ್ಸಂಗ್ ಕಾರ್ಖಾನೆಯ ಕಾರ್ಮಿಕರು ತಮ್ಮ ಸಂಘವನ್ನು ಒಪ್ಪಿಕೊಳ್ಳಿ ಎಂದು ತಿಂಗಳಿಗೂ ಹೆಚ್ಚು ಕಾಲ ಮುಷ್ಕರ ಮಾಡಿದರು.

ಇನ್ನು 'ನ್ಯಾಯದ ಫೋನ್' ಅಂತ ಹುಡುಕಿದರೆ ಮೊದಲು ಬರುವ ಹೆಸರು ಫೇರ್‌ಫೋನ್. ಆಮ್‌ಸ್ಟರ್‌ಡ್ಯಾಮಿನ ಕಂಪನಿ, 2013ರಲ್ಲಿ ಶುರುವಾಗಿದ್ದು. ಅವರ ಫೋನನ್ನು ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಬಹುದು. ಜೋಡಿಸುವವರಿಗೆ ಬದುಕಲು ಸಾಕಾಗುವ ಸಂಬಳ ಸಿಗಲಿ ಎಂದು ಅವರು ಪ್ರತಿ ಫೋನಿಗೆ ಕೊಡುವ ಬೋನಸ್ ಎರಡು ಯೂರೋ ಒಳಗೆ. ಅಂದರೆ ನಾವು ಫೋನಿಗೆ ಹಾಕಿಸುವ ಗಾಜಿನ ಹಾಳೆಗೂ ಕಡಿಮೆ. ಆ ಮೊತ್ತ ನೋಡಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಆದರೆ ಆ ಫೋನನ್ನು ಭಾರತದಲ್ಲಿ ಮಾರುವುದಿಲ್ಲ. ಯಾರ ಕೈಯಲ್ಲಾದರೂ ತರಿಸಬಹುದು. ತರಿಸಿದರೆ ಇಲ್ಲಿ ಸರ್ವಿಸ್ ಇಲ್ಲ, ಬಿಡಿಭಾಗವೂ ಇಲ್ಲ. ಕೈಬಿಟ್ಟೆ.

ಬೇರೆ ದೊಡ್ಡ ಕಂಪನಿಗಳ ಪೈಕಿ ಆಪಲ್, ಸ್ಯಾಮ್ಸಂಗ್, ಡೆಲ್, ಎಚ್‌ಪಿ ತಮಗೆ ಮಾಲು ಪೂರೈಸುವ ಕಾರ್ಖಾನೆಗಳ ಪಟ್ಟಿಯನ್ನು ಹೊರಗೆ ಹಾಕುತ್ತವೆ. ನೋಡಿ, ಉಪಯೋಗಕ್ಕೆ ಬರುತ್ತದೆ. ಆದರೆ ಪಟ್ಟಿಯಲ್ಲಿ ಹೆಚ್ಚಾಗಿ ಇರುವುದು ಹೆಸರು ಮತ್ತು ಊರು. ಅಲ್ಲಿ ಕಾಂಟ್ರಾಕ್ಟ್ ಜನ ಎಷ್ಟು, ಓವರ್‌ಟೈಮ್ ಎಷ್ಟು ಅನ್ನುವುದು ಸಿಗುವುದು ಕಷ್ಟ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳು ಸೇರಿ ಮಾಡಿಕೊಂಡ ಆರ್‌ಬಿಎ ಎಂಬ ಒಕ್ಕೂಟದ ನೀತಿ ಸಂಹಿತೆಯೂ ಇದೆ. ಅದರ ಪ್ರಕಾರ ಓವರ್‌ಟೈಮ್ ಸೇರಿ ವಾರಕ್ಕೆ 60 ತಾಸು ಮೀರಬಾರದು, ಏಳು ದಿನಕ್ಕೆ ಒಂದು ರಜೆ ಇರಬೇಕು. ನಮ್ಮ ಕಾನೂನಿನಲ್ಲಿ ವಾರಕ್ಕೆ 48 ತಾಸು, ಅದಕ್ಕಿಂತ ಜಾಸ್ತಿ ದುಡಿಸಿದರೆ ದುಪ್ಪಟ್ಟು ಕೂಲಿ. ಕಂಪನಿಯ ವರದಿಯಲ್ಲಿ 'ನಿಯಮ ಪಾಲನೆ' ಅಂತ ಓದಿದಾಗ ಯಾವ ನಿಯಮ ಎಂದು ಕೇಳಿಕೊಳ್ಳಿ.

ಆಫೀಸಿಗೆ ಕಂಪ್ಯೂಟರ್, ಮಾನಿಟರ್ ಕೊಳ್ಳುವ ಕೆಲಸ ನಿಮ್ಮದಾಗಿದ್ದರೆ ಟಿಸಿಒ ಸರ್ಟಿಫೈಡ್ ಎಂಬ ಸ್ವೀಡನ್ನಿನ ಗುರುತು ಇದೆಯಾ ನೋಡಿ. ಅದರಲ್ಲಿ ಕಾರ್ಖಾನೆಯ ಕೆಲಸದ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಫ್ರಿಜ್ಜು, ಟಿವಿ ಮೇಲೆ ನಾವು ನೋಡುವ ಸ್ಟಾರುಗಳು ಕರೆಂಟಿನ ಲೆಕ್ಕ ಮಾತ್ರ ಹೇಳುತ್ತವೆ.

ನನ್ನ ಫೋನಿನ ಕಂಪನಿಗೂ ಮೇಲ್ ಹಾಕಿದೆ. ಈ ಮಾಡೆಲ್ ಯಾವ ಕಾರ್ಖಾನೆಯಲ್ಲಿ ಜೋಡಣೆಯಾಯಿತು, ಅಲ್ಲಿ ಕಾಂಟ್ರಾಕ್ಟ್ ಕಾರ್ಮಿಕರಿಗೆ ಓವರ್‌ಟೈಮ್ ದರ ಎಷ್ಟು ಎಂದು ಕೇಳಿದ್ದೆ. ಬಹಳ ದಿನ ಬಿಟ್ಟು ಉತ್ತರ ಬಂತು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಶುರು, ಒಂದು ಲಿಂಕಿನೊಂದಿಗೆ ಮುಕ್ತಾಯ.

ಅಷ್ಟರಲ್ಲಿ, ಎಲ್ಲಕ್ಕಿಂತ ಕಡಿಮೆ ಕೆಟ್ಟ ದಾರಿ ಅಂದರೆ ನನ್ನ ಹಳೆ ಫೋನನ್ನೇ ಓಡಿಸುವುದು ಎಂದು ತೀರ್ಮಾನ ಮಾಡಿಯಾಗಿತ್ತು. ಬ್ಯಾಟರಿಯ ಕೋಬಾಲ್ಟ್ ಲೋಹ ಕಾಂಗೋದ ನೆಲದಿಂದ ಬಂದಾಯಿತು, ಬೋರ್ಡು ಯಾರೋ ನಿಂತು ಬೆಸೆದಾಯಿತು. ಆದ ದುಡಿಮೆಯನ್ನು ಎಸೆಯದೆ ಇನ್ನೆರಡು ವರ್ಷ ಎಳೆಯುವುದು ನನ್ನ ಕೈಯಲ್ಲಿದೆ. ನಮ್ಮವರು ಮಾತ್ರ, "ಇಷ್ಟು ಓಡಾಟಕ್ಕೆ ಎರಡು ಫೋನ್ ಬರುತ್ತಿತ್ತು" ಎಂದು ಚಹಾ ಕುಡಿಯುವಾಗೆಲ್ಲ ಹೇಳುತ್ತಿದ್ದರು.

ಗ್ರಾಹಕ ವ್ಯವಹಾರ ಇಲಾಖೆಯ ರೈಟ್ ಟು ರಿಪೇರ್ ಪೋರ್ಟಲ್ 2022ರ ಡಿಸೆಂಬರಿನಿಂದ ಇದೆ. ಕಂಪನಿಗಳ ಸರ್ವಿಸ್ ಮಾಹಿತಿ ಒಂದೇ ಕಡೆ ಸಿಗಲಿ ಅನ್ನುವುದು ಉದ್ದೇಶ. ನನಗೆ ಅಲ್ಲಿಂದ ಸಿಕ್ಕಿದ್ದು ನಾನು ಆಗಲೇ ಹೋಗಿ ಬಂದಿದ್ದ ವಿಳಾಸಗಳು. ಯುರೋಪಿನಲ್ಲಿ 2025ರ ಜೂನಿನಿಂದ ಮಾರಾಟಕ್ಕೆ ಬರುವ ಹೊಸ ಮಾಡೆಲ್‌ಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಕೊಡಬೇಕು ಅಂತ ನಿಯಮ ಬಂದಿದೆ. ನಮ್ಮಲ್ಲಿ ಅಂಥ ಕಡ್ಡಾಯ ಇನ್ನೂ ಇಲ್ಲ. ಹೀಗಾಗಿ ಕೆಲಸಕ್ಕೆ ಬಂದಿದ್ದು ಪೋರ್ಟಲ್ ಅಲ್ಲ, 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದುಡ್ಡು ಬೇಡ. 17 ಭಾಷೆಗಳಲ್ಲಿ ಮಾತಾಡುತ್ತಾರೆ, ಕನ್ನಡವೂ ಇದೆ. ಪುಣೆಯಲ್ಲಿ ಕೂತು ಕನ್ನಡದಲ್ಲಿ ದೂರು ಹೇಳಿಕೊಂಡಿದ್ದು ಒಂಥರಾ ಹಗುರ ಅನ್ನಿಸಿತು. ಕೈಯಲ್ಲಿ ಇರಬೇಕಾದದ್ದು: ಕೊಂಡ ಬಿಲ್ಲು, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರು, ಆ ಜಾಬ್ ಶೀಟು. ಬಿಲ್ಲು ಕಳೆದಿದ್ದರೆ ಆನ್‌ಲೈನಿನಲ್ಲಿ ಕೊಂಡ ಖಾತೆಯ ಆರ್ಡರ್ ಇತಿಹಾಸದಲ್ಲಿ ಸಿಗುತ್ತದೆ. ಐಎಂಇಐ ಬೇಕೆಂದರೆ ಡಯಲ್ ಪ್ಯಾಡಿನಲ್ಲಿ *#06# ಒತ್ತಿ. ಫೋನೇ ಸತ್ತಿದ್ದರೆ ಡಬ್ಬಿಯ ಮೇಲೆ ಇರುತ್ತದೆ.

ದೂರಿನ ಡಾಕೆಟ್ ನಂಬರು ಕೊಟ್ಟರು. ಆಮೇಲೆ ಕಾಯುವುದು. ಕಂಪನಿಯಿಂದ ಫೋನ್ ಬಂತು, ಅದೇ ಎಕ್ಸ್‌ಚೇಂಜ್ ಪುರಾಣ. ಒಪ್ಪಲಿಲ್ಲ. ದೂರು ಮುಗಿಯಿತು ಎಂದು ಮೆಸೇಜ್ ಬಂದಿದ್ದು ನೋಡಿ ಸಿಟ್ಟು ನೆತ್ತಿಗೇರಿತು. ಮತ್ತೆ 1915ಕ್ಕೆ ಹಚ್ಚಿ, ಮುಗಿದಿಲ್ಲ ಎಂದು ಬರೆಸಿದೆ. ಹೀಗೆ ಆದರೆ ಸೋಲಬೇಡಿ, ಎರಡನೇ ಸಲ ಬರೆಸಿದಾಗಲೇ ಕಂಪನಿ ಕಡೆ ಯಾರೋ ನಿಜಕ್ಕೂ ಕಾಗದ ಓದಿದರು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ವಸ್ತುವಿನ ಬೆಲೆ 5 ಲಕ್ಷದ ಒಳಗಿದ್ದರೆ ಅಲ್ಲಿ ಅರ್ಜಿ ಶುಲ್ಕ ಇಲ್ಲ. ನಾನು ಅಲ್ಲಿಗೆ ಹೋಗಬೇಕಾಗಲಿಲ್ಲ. ಡಿಸ್‌ಪ್ಲೇ ಮುಟ್ಟದೆ ಬರಿ ಬ್ಯಾಟರಿ ಹಾಕಿಕೊಡಲು ಒಪ್ಪಿದರು, ಒಡೆದರೆ ನನ್ನ ಹೊಣೆ ಎಂದು ಸಹಿ ಹಾಕಿಸಿಕೊಂಡು. ಜಿಎಸ್‌ಟಿ ಸೇರಿ ಎರಡು ಸಾವಿರದ ನಾನೂರು ಚಿಲ್ಲರೆ. ಡಿಸ್‌ಪ್ಲೇ ಒಡೆಯಲಿಲ್ಲ.

ಚಾರ್ಜಿಂಗ್ ಬೋರ್ಡು ಮಾತ್ರ ಕಂಪನಿಯಲ್ಲಿ ಸಿಗಲೇ ಇಲ್ಲ. ಅದಕ್ಕೆ ಬುಧವಾರ ಪೇಟೆ. ವಾಘೋಲಿಯಿಂದ ರಾಮವಾಡಿ ತನಕ ಬಸ್ಸು, ಅಲ್ಲಿಂದ ಮೆಟ್ರೋ, ಸಿವಿಲ್ ಕೋರ್ಟಿನಲ್ಲಿ ಗಾಡಿ ಬದಲಿಸಿ ಕಸಬಾ ಪೇಟೆಯಲ್ಲಿ ಇಳಿದರೆ ನಡೆಯುವ ದೂರ. ಸ್ವಂತ ಗಾಡಿ ತರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ತಪ್ಕೀರ್ ಗಲ್ಲಿಯ ಸುತ್ತಮುತ್ತ ಮೊಬೈಲು, ವೈರು, ಬಲ್ಬು, ಸ್ಪೀಕರಿನ ಅಂಗಡಿಗಳು ಒಂದರ ಮೇಲೊಂದು. ಕೆಲವರು ಮಾಡೆಲ್ ಹೆಸರು ಕೇಳಿಯೇ ತಲೆ ಆಡಿಸಿದರು. ಮೆಟ್ಟಿಲಿನ ಕೆಳಗಿನ ಗೂಡಿನಂಥ ಅಂಗಡಿಯೊಂದರಲ್ಲಿ ಒಬ್ಬ ವಯಸ್ಸಾದವರು ಭೂತಗನ್ನಡಿ ಇಟ್ಟು ನೋಡಿ, "ಹೋಯಿಲ್, ಪಣ್ ವೇಳ್ ಲಾಗೇಲ್" (ಆಗುತ್ತದೆ, ಆದರೆ ಹೊತ್ತು ಹಿಡಿಯುತ್ತದೆ) ಎಂದರು. ಬೋರ್ಡು ಬದಲಿಸಬೇಕಾಗಿಲ್ಲ, ಅದರ ಮೇಲಿನ ಪೋರ್ಟ್ ಒಂದನ್ನು ಕಿತ್ತು ಹೊಸದು ಬೆಸೆದರೆ ಆಯಿತಂತೆ. ಸರ್ವಿಸ್ ಸೆಂಟರಿನಲ್ಲಿ ಯಾರೂ ಈ ಮಾತು ಆಡಿರಲಿಲ್ಲ. ಏಳುನೂರು ರೂಪಾಯಿ ತಗೊಂಡರು. ಕಿಟಕಿ ಇಲ್ಲದ ಜಾಗದಲ್ಲಿ ಅದೇ ಸೋಲ್ಡರಿಂಗ್ ಹೊಗೆ ಅವರ ಮುಖಕ್ಕೇ ಏಳುತ್ತಿತ್ತು. ರಿಪೇರಿ ಮಾಡಿಸಿದ ಮಾತ್ರಕ್ಕೆ ದುಡಿಯುವವರ ಕಷ್ಟ ನಮ್ಮ ಲೆಕ್ಕದಿಂದ ಹೋಗುವುದಿಲ್ಲ, ಅಲ್ವಾ?

ಪೇಟೆಯಲ್ಲಿ ಬ್ಯಾಟರಿ ಹಾಕಿಸುವವರು ಅದರ ಮೇಲೆ ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನಂಬರು ಇದೆಯಾ ನೋಡಿ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರು ಮಾಡಿದ್ದು ಅಂತ ತೋರಿಸುತ್ತದೆ. ಹಳೆ ಫೋನ್ ಕೊಳ್ಳುವವರಿಗೂ ಒಂದು ಮಾತು. ಇಂಗ್ಲಿಷಿನಲ್ಲಿ ಕೆವೈಎಂ (KYM) ಎಂದು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕದ್ದದ್ದು ಅಂತ ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ.

ಉಬ್ಬಿದ ಹಳೆ ಬ್ಯಾಟರಿಯನ್ನು ಸರ್ವಿಸ್ ಸೆಂಟರಿನಲ್ಲೇ ಬಿಟ್ಟು ಬನ್ನಿ, ತಗೊಳ್ಳಬೇಕಾದ್ದು ಅವರೇ. ಮನೆಯಲ್ಲಿ ಬಿದ್ದಿದ್ದ ಹಳೆ ಚಾರ್ಜರು, ಕೇಬಲ್‌ಗಳನ್ನು ಕಸ ಆಯುವವರದೇ ಸಹಕಾರಿ ಸಂಸ್ಥೆಯಾದ 'ಸ್ವಚ್ಛ್' ಸಂಗ್ರಹಕ್ಕೆ ಕೊಟ್ಟೆ.

ಈ ನಡುವೆ ಕೆಳಗಿನ ಹುಡುಗಿಗೆ ಬ್ರೇಕ್ ಕೊಟ್ಟರು. ದೀಪಾವಳಿ ಮಾಲು ಹೋದ ಮೇಲೆ ಲೈನ್ ಸಡಿಲಾಯಿತು, ಮೊದಲು ಮನೆಗೆ ಹೋದವರು ಕಾಂಟ್ರಾಕ್ಟಿನವರು. ನನ್ನ ಫೋನ್ ಹಿಡಿದು ನೋಡಿ, "ವೈನಿ, ಎಲ್ಲಾರೂ ನಿಮ್ಮಂಗ ರಿಪೇರಿ ಮಾಡಿಸಿಕೋತ ಕುಂತ್ರ ನಮ್ಮ ಗತಿ ಏನ್ರಿ?" ಎಂದಳು. ನಗುತ್ತಲೇ ಹೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ, ಈಗಲೂ ಪೂರ್ತಿ ಹೊಳೆದಿಲ್ಲ. ಸೀಸನ್ನಿನಲ್ಲಿ ಹನ್ನೆರಡು ತಾಸು ದುಡಿಸಿ, ಆಮೇಲೆ ಮನೆಗೆ ಕಳಿಸುವ ಪದ್ಧತಿ ನಾನು ಫೋನ್ ಕೊಂಡರೂ ಇರುತ್ತದೆ, ಬಿಟ್ಟರೂ ಇರುತ್ತದೆ ಅಂತ ಹೇಳಬಹುದಿತ್ತು. ಕೆಲಸ ಹೋದವಳ ಎದುರು ಅದನ್ನು ಹೇಳಲು ಬಾಯಿ ಬರಲಿಲ್ಲ.

ಬದಲಿಗೆ ಅವಳ ಪಿಎಫ್ ನೋಡಿದೆವು. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳು ಹಿಡಿದಿದ್ದರು. ನೋಂದಾಯಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬಾಕಿ ಮೊತ್ತ ಎಸ್‌ಎಂಎಸ್ ಬರುತ್ತದೆ. ಬಂದ ಮೊತ್ತ ಚೀಟಿಗಳ ಲೆಕ್ಕಕ್ಕೆ ಹೊಂದಲಿಲ್ಲ. ಪಾಸ್‌ಬುಕ್ ತೆಗೆದರೆ ಸೀಸನ್ನಿನ ಕೆಲವು ತಿಂಗಳು ಖಾಲಿ. ಕಾಂಟ್ರಾಕ್ಟರಿಗೆ ಫೋನ್ ಮಾಡಿದರೆ 'ಆಗುತ್ತೆ, ಆಗುತ್ತೆ'. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಅದು ಯಾವ ತಿಂಗಳ ದುಡ್ಡು ಕಟ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು. ಅಲ್ಲಿನ ಕುಂದುಕೊರತೆ ವಿಭಾಗದಲ್ಲಿ ಅವಳ ಪಿಎಫ್ ಗುರುತಿನ ನಂಬರಾದ ಯುಎಎನ್ ಹಾಕಿ, ಚೀಟಿಗಳ ಫೋಟೋ ಸೇರಿಸಿ ದೂರು ಕೊಟ್ಟೆವು. ಕಾಂಟ್ರಾಕ್ಟರ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೂ ಹೊಣೆ ಅನ್ನುವುದನ್ನು ಅದರಲ್ಲಿ ಬರೆಯಲು ಮರೆಯಬೇಡಿ. ಅವಳ ಕೈಯಲ್ಲಿ ನೇಮಕಾತಿ ಪತ್ರ ಇರಲಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಪತ್ರ ಕಡ್ಡಾಯ. ಮನೆಯಲ್ಲಿ ಇಂಥ ಕೆಲಸಕ್ಕೆ ಸೇರುವವರಿದ್ದರೆ ಮೊದಲ ವಾರವೇ ಕೇಳಲು ಹೇಳಿ. ಗೇಟ್ ಪಾಸ್, ಸಂಬಳದ ಚೀಟಿ, ಓವರ್‌ಟೈಮ್ ಬರೆದ ಡೈರಿ ಎಲ್ಲದರ ಫೋಟೋ ಇಟ್ಟುಕೊಳ್ಳಲಿ.

ಸಂಕ್ರಾಂತಿ ಮುಗಿಸಿ ಊರಿಂದ ಬಂದವಳು ಈಗ ಚಾಕಣ್ ಕಡೆ ಇನ್ನೊಂದು ಲೈನ್ ಸೇರಿದ್ದಾಳೆ. ಹೊಸ ಕಾಂಟ್ರಾಕ್ಟರಿನಿಂದ ನೇಮಕಾತಿ ಪತ್ರ ಕೇಳಿ ತಗೊಂಡಳು. ಅದೂ ಇಂಗ್ಲಿಷಿನಲ್ಲಿ ಒಂದೇ ಹಾಳೆ. ಪಿಎಫ್ ದೂರಿನಲ್ಲಿ ಒಂದು ತಿಂಗಳ ದುಡ್ಡು ಬಂದು ಬಿದ್ದಿದೆ, ಉಳಿದದ್ದು 'ಪರಿಶೀಲನೆಯಲ್ಲಿದೆ'.

ಫೋನ್ ಕಂಪನಿಗೆ ನಾನು ಎರಡನೇ ಮೇಲ್ ಬರೆದಾಗ ಪ್ರಶ್ನೆಗಳನ್ನು ಅವಳೇ ಹೇಳಿಕೊಟ್ಟಳು. ರಿಲೀವರ್ ಎಷ್ಟು ಜನಕ್ಕೆ ಒಬ್ಬರು, ಕೂರಲು ಕುರ್ಚಿ ಇದೆಯಾ, ಬ್ರೇಕ್ ಕೊಟ್ಟವರ ಪಿಎಫ್ ಪೂರ್ತಿ ಕಟ್ಟಿದ್ದಾರಾ ಎಂದು ಯಾರು ನೋಡುತ್ತಾರೆ, ಆಡಿಟ್‌ಗೆ ಮುಂಚೆಯೇ ತಿಳಿಸುತ್ತೀರಾ. ನೀವೂ ಬರೆಯುವುದಾದರೆ ಹೀಗೆ ಬಿಡಿಬಿಡಿಯಾಗಿ ಕೇಳಿ, 'ನಿಮ್ಮ ನೀತಿ ಏನು' ಎಂದು ಕೇಳಿದರೆ ಲಿಂಕ್ ಕಳಿಸಿ ಸುಮ್ಮನಾಗುತ್ತಾರೆ. ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ ಎಂದು ಹೋದ ವಾರ ಒಂದು ಸಾಲು ಬಂದಿದೆ. ಉತ್ತರ ಬಂದರೆ ಇದರ ಕೆಳಗೇ ಸೇರಿಸುತ್ತೇನೆ.